ತೆರೆಯದ ಪತ್ರ, ಬಯಲಿಗೆ ಬಿದ್ದ ಕೀಲಿಕೈ

ಕೀಲಿ ಸರಿಯಿದೆ, ಕೀಲಿಕೈ ಸರಿಯಿದೆ, ಪತ್ರವೂ ಇದ್ದಲ್ಲೇ ಇದೆ. ತಂತ್ರಾಂಶ ಮಾತ್ರ ಹೊಸದು. ಹಾಗಿದ್ದೂ ನಿನ್ನೆ ಓದಿದ ಮೇಲ್ ಇವತ್ತು ತೆರೆಯುವುದಿಲ್ಲವೇಕೆ? 2020ರಲ್ಲಿ ಥಂಡರ್‌ಬರ್ಡ್ 78 ಬಂದಾಗ, ಮೇಲ್‌ಗೆ ಕೀಲಿ ಹಾಕುವ ಪಿಜಿಪಿ ಎಂಬ ವಿಧಾನ ಬಳಸುತ್ತಿದ್ದ ಅನೇಕರಿಗೆ ಎದುರಾದ ಪ್ರಶ್ನೆ ಇದು. ಅಥಣಿ ಸೀಮೆಯ ಸತ್ತಿಯಲ್ಲಿ ಕೂತು ಆ ಬದಲಾವಣೆಯ ವಿವರ ಓದುತ್ತ ಗೀಚಿಕೊಂಡದ್ದು ಕೆಳಗಿದೆ.

*

ಮೊದಲಿನ ಏರ್ಪಾಡಿನಲ್ಲಿ ಮೂವರಿದ್ದರು. ಮೇಲ್ ತೋರಿಸಲು ಥಂಡರ್‌ಬರ್ಡ್. ಕೀಲಿ ಹಾಕಿ ತೆಗೆಯಲು ಗ್ನುಪಿಜಿ ಎಂಬ ಬೇರೆಯೇ ತಂತ್ರಾಂಶ. ಇಬ್ಬರ ನಡುವೆ ಸುದ್ದಿ ಮುಟ್ಟಿಸಲು ಎನಿಗ್‌ಮೇಲ್ ಎಂಬ ಆ್ಯಡ್-ಆನ್. ಹಳೆಯ ಬಗೆಯ ಆ್ಯಡ್-ಆನ್‌ಗಳಿಗೆ 78ರಲ್ಲಿ ಜಾಗ ಉಳಿಯಲಿಲ್ಲ, ಎನಿಗ್‌ಮೇಲ್ ಹೊರಗಾಯಿತು. ಅದರ ಕೆಲಸವನ್ನು ಥಂಡರ್‌ಬರ್ಡ್ ತಾನೇ ವಹಿಸಿಕೊಂಡಿತು. ಆದರೆ ಗ್ನುಪಿಜಿಯನ್ನು ತನ್ನೊಳಗೆ ಕರೆದುಕೊಳ್ಳಲಿಲ್ಲ. ಎರಡರ ಪರವಾನಗಿ ಬೇರೆ ಬೇರೆ, ಒಂದೇ ಕಟ್ಟಿನಲ್ಲಿ ಹಂಚುವುದಕ್ಕೆ ಅವು ಹೊಂದುವುದಿಲ್ಲ. ಹಾಗಾಗಿ ಆರ್‌ಎನ್‌ಪಿ ಎಂಬ ಇನ್ನೊಂದು ಲೈಬ್ರರಿ ಬಂತು.

ಪರಿಣಾಮ ಇಷ್ಟು: ಕೀಲಿಕೈಗಳು ಗ್ನುಪಿಜಿಯ ಕಡತದಲ್ಲೇ ಉಳಿದವು, ಹೊಸ ತಂತ್ರಾಂಶ ತನ್ನದೇ ಕಡತದಲ್ಲಿ ಹುಡುಕಿತು. ಏನೂ ಕಳೆದಿಲ್ಲ, ಏನೂ ಮುರಿದಿಲ್ಲ. ಎನಿಗ್‌ಮೇಲ್‌ನ ಕೊನೆಯ ಆವೃತ್ತಿ ಬಂದದ್ದೇ ಈ ಸ್ಥಳಾಂತರಕ್ಕೆ, ಹಳೆಯ ಕಡತದಿಂದ ಹೊಸದಕ್ಕೆ ಕೀಲಿಕೈ ದಾಟಿಸಿ ತಾನು ನಿವೃತ್ತಿ ಹೊಂದುವುದಕ್ಕೆ. ಆ ಒಂದು ಹೆಜ್ಜೆ ತಪ್ಪಿಸಿದವರ ಪಾಲಿಗೆ ವರ್ಷಗಟ್ಟಲೆಯ ಪತ್ರವ್ಯವಹಾರ ಮುಚ್ಚಿಕೊಂಡಿತು. ವಕೀಲರು, ಪತ್ರಕರ್ತರು ಕೂಡ ಬಳಸುವ ವಿದ್ಯೆ ಇದು. ಅವರ ಎದೆ ಹೇಗೆ ಹೊಡೆದುಕೊಂಡಿರಬೇಡ!

*

ತಂಗಿಯ ಮಗ ಪುಣೆಯಲ್ಲಿದ್ದಾನೆ. ಮಿರಜದಿಂದ ತಾಯಿಯ ಸ್ಕ್ಯಾನ್ ವರದಿ ತಂದಾಗಲೆಲ್ಲ ಅದನ್ನು ಅವನಿಗೆ ಮೇಲ್ ಮಾಡುವವನು ನಾನು. "ಮಾಮಾ, ಹಂಗ ಬಿಚ್ಚಿಟ್ಟು ಕಳಸಬ್ಯಾಡ್ರಿ, ಕೀಲಿ ಹಾಕಿ ಕಳಸ್ರಿ" ಅಂದ. ಅವನು ಹೇಳಿಕೊಟ್ಟದ್ದು ಹೀಗೆ: ಕೈಯಿಂದ ಒತ್ತಿದರೆ ಸಾಕು, ಯಾರು ಬೇಕಾದರೂ ಹಾಕಬಹುದಾದ ಒಂದು ಕೀಲಿಯನ್ನು ಅವನು ಊರಿಗೆಲ್ಲ ಹಂಚಿದ್ದಾನೆ. ತೆಗೆಯುವ ಕೀಲಿಕೈ ಅವನೊಬ್ಬನ ಬಳಿ. ಅಂದರೆ ನಾನೇ ಹಾಕಿದ ಕೀಲಿಯನ್ನು ನಾನೂ ತೆಗೆಯಲಾರೆ. ಕಳಿಸಿದ ಪತ್ರವನ್ನು ನಾನು ಮತ್ತೆ ಓದಬೇಕಾದರೆ ನನ್ನ ಹೆಸರಿನ ಇನ್ನೊಂದು ಕೀಲಿಯನ್ನೂ ಜೊತೆಗೆ ಹಾಕಿರಬೇಕು. ತಂತ್ರಾಂಶ ಇದನ್ನು ತಾನಾಗಿ ಮಾಡುತ್ತದೆ.

*

ಈಗ ನಿಜವಾದ ಒಗಟಿಗೆ ಬರುತ್ತೇನೆ.

ಗ್ನುಪಿಜಿಯಲ್ಲಿ ತೆಗೆಯುವ ಕೀಲಿಕೈಗೆ, ಅಂದರೆ ಖಾಸಗಿ ಕೀಲಿಕೈಗೆ, ಅದರದೇ ಪಾಸ್‌ವರ್ಡ್ ಇರುತ್ತಿತ್ತು, ಅದು ಆಗಾಗ ಕೇಳುತ್ತಿತ್ತು. 78ಕ್ಕೆ ದಾಟಿದ ಮೇಲೆ ಕೇಳುವುದು ನಿಂತಿತು. ತಂತ್ರಾಂಶ ತಾನೇ ಒಂದು ಪಾಸ್‌ವರ್ಡ್ ಹುಟ್ಟಿಸಿಕೊಂಡು ಕೀಲಿಕೈಯನ್ನು ಅದರಿಂದ ಕಾಯುತ್ತದೆ. ಆ ಪಾಸ್‌ವರ್ಡನ್ನು ಕಾಯುವುದು ಬಳಕೆದಾರ ಇಡಬೇಕಾದ ಪ್ರೈಮರಿ ಪಾಸ್‌ವರ್ಡ್. ಅದನ್ನು ಇಡದಿದ್ದರೆ? ಕಂಪ್ಯೂಟರು ಯಾರ ಕೈಗೆ ಸಿಕ್ಕಿತೋ ಅವರ ಕೈಗೆ ಕೀಲಿಕೈಯೂ ಸಿಕ್ಕಿತು. ಎಲ್ಲ ಸಲೀಸಾಗಿ ತೆರೆಯುತ್ತದೆ, ಅದಕ್ಕೇ ಯಾರೂ ದೂರುವುದಿಲ್ಲ.

ಮುಂದಿನದು ಇನ್ನೂ ಗಂಭೀರ. 78.8.1ರಿಂದ 78.10.1ರವರೆಗಿನ ಆವೃತ್ತಿಗಳಲ್ಲಿ ಆಮದು ಮಾಡಿಕೊಂಡ ಖಾಸಗಿ ಕೀಲಿಕೈಗಳು ಡಿಸ್ಕಿನ ಮೇಲೆ ಯಾವ ಕಾವಲೂ ಇಲ್ಲದೆ ಉಳಿದವು, ಪ್ರೈಮರಿ ಪಾಸ್‌ವರ್ಡ್ ಇಟ್ಟವರದೂ ಸೇರಿ. 2021ರಲ್ಲಿ 78.10.2 ಅದನ್ನು ಸರಿಪಡಿಸಿತು. ತಯಾರಕರು ದೋಷವನ್ನು ಮುಚ್ಚಿಡದೆ ಪ್ರಕಟಿಸಿದರು, ಅದು ದೊಡ್ಡ ಗುಣ. ಆದರೆ ಪ್ರಕಟಣೆ ಬರುವವರೆಗೆ ಪರದೆಯ ಮೇಲೆ ಒಂದು ಎಚ್ಚರಿಕೆಯ ಸಾಲೂ ಇರಲಿಲ್ಲ. ತೆರೆಯದ ಪತ್ರಕ್ಕೆ ಜನ ಹೌಹಾರಿದರು. ಅಲ್ಲಿ ಕೀಲಿ ತನ್ನ ಕೆಲಸವನ್ನೇ ಮಾಡುತ್ತಿತ್ತು. ಕಾವಲು ಹೋದಾಗ ಎಲ್ಲ ನೆಟ್ಟಗಿದೆ ಎಂದೇ ಕಾಣುತ್ತಿತ್ತು.

*

ಇದೇ ಅಳುಕು, ಇದೇ ನಿರಾಳ ನಮ್ಮ ಅಥಣಿ ಸೀಮೆಯ ಆನ್‌ಲೈನ್ ಅಂಗಡಿಗಳಲ್ಲೂ ಕಾಣುತ್ತದೆ. ಇಳಿಸಿಕೊಂಡ ಆಧಾರ್ ಪಿಡಿಎಫ್‌ನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ. "ಇದು ನಡೀತೈತೇನ್ರಿ?" ಎಂದು ಕೇಳುವವರೇ ಎಲ್ಲ. ಸಹಿ ಸುಳ್ಳೆಂದು ಆ ಚಿಹ್ನೆ ಹೇಳುತ್ತಿಲ್ಲ. ಸಹಿ ಮಾಡಿದವರನ್ನು ಈ ಕಂಪ್ಯೂಟರು ಇನ್ನೂ ಅರಿಯದು ಎನ್ನುತ್ತಿದೆ. ಪ್ರಮಾಣಪತ್ರ ಸಿಸಿಎ ಇಂಡಿಯಾ ಎಂಬ ಮೂಲದವರೆಗೆ ಹೋಗುತ್ತದೆಯೇ ಎಂದು ನೋಡಿ ನಂಬಿಕೆ ಸೇರಿಸಬೇಕು. ಹಾಗೆ ನೋಡುವವರನ್ನು ನಾನು ಕಂಡಿಲ್ಲ. ನಾಲ್ಕು ಸಲ ಒತ್ತಿದರೆ ಹಸಿರು ಗುರುತು ಮೂಡುತ್ತದೆ, ಎಲ್ಲರಿಗೂ ಸಮಾಧಾನ.

*

ಪತ್ರ ತೆರೆಯದಿದ್ದರೆ, ಕಳಿಸಲಾಗದಿದ್ದರೆ ನೋಡಬೇಕಾದದ್ದನ್ನು ತಂಗಿಯ ಮಗ ಹೇಳಿದಂತೆ ಬರೆದಿಡುತ್ತೇನೆ. ಖಾಸಗಿ ಕೀಲಿಕೈ ಪಟ್ಟಿಯಲ್ಲಿದೆಯೇ? ಇದ್ದರೆ ಆ ಮೇಲ್ ಖಾತೆಗೆ ಅದನ್ನು ಆರಿಸಿದೆಯೇ? ಅವಧಿ ಮುಗಿದಿದೆಯೇ? ಎದುರಿನವರ ಕೀಲಿಯ ಮೇಲಿನ ವಿಳಾಸ ಅವರ ಈಗಿನ ವಿಳಾಸಕ್ಕೆ ತಾಳೆಯಾಗುತ್ತದೆಯೇ? ಇವೆಲ್ಲ ನೋಡುವ ಮೊದಲೇ ಗಾಬರಿಯಲ್ಲಿ ಕೀಲಿ-ಕೀಲಿಕೈಗಳ ಹೊಸ ಜೋಡಿ ಹುಟ್ಟಿಸಿ ಹಳೆಯದನ್ನು ಅಳಿಸಿದರೆ ಹಳೆಯ ಪತ್ರಗಳು ಹೋದಂತೆಯೇ. ಇದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

2019ರ ಆಗಸ್ಟಿನ ಕೃಷ್ಣೆಯ ಮಹಾಪೂರ ಕಂಡ ಸೀಮೆ ನಮ್ಮದು. ಕೀಲಿಕೈಯ ನಕಲೊಂದು ನದಿದಂಡೆಯಿಂದ ದೂರ, ಬೇರೆ ಊರಿನಲ್ಲಿ ಇರಲೇಬೇಕು. ಆ ನಕಲಿಗೂ ಗಟ್ಟಿ ಪಾಸ್‌ವರ್ಡ್ ಬೇಕು.

*

ಎದುರಿನವರ ಕೀಲಿಯನ್ನು ಒಪ್ಪುವ ಮುನ್ನ ತಂತ್ರಾಂಶ ನಾಲ್ಕು ಆಯ್ಕೆ ಕೊಡುತ್ತದೆ: ಬೇಡ; ಸದ್ಯಕ್ಕಿಲ್ಲ; ಒಪ್ಪಿದ್ದೇನೆ, ಆದರೆ ತಾಳೆ ನೋಡಿಲ್ಲ; ಒಪ್ಪಿದ್ದೇನೆ, ಖುದ್ದಾಗಿ ತಾಳೆ ನೋಡಿದ್ದೇನೆ. ನಾಲ್ಕನೆಯದನ್ನು ಆರಿಸಬೇಕಾದರೆ ಆ ಕೀಲಿಯ, ಅಂಕಿ-ಅಕ್ಷರ ಸೇರಿ 40 ಗುರುತುಗಳನ್ನು ಒಂದೊಂದಾಗಿ ಓದಿ ಸರಿನೋಡಬೇಕು. ಫೋನಿನಲ್ಲಿ ಓದುತ್ತೇನೆ ಎಂದ ಅಳಿಯ. ಅವನ ದನಿಯನ್ನು ನಾನು ಗುರುತಿಸಬಲ್ಲೆ. ಆದರೆ ಈಗ ದನಿಯನ್ನೂ ಯಂತ್ರ ನಕಲು ಮಾಡುತ್ತದೆ ಎಂದು ಹೇಳಿದವನೂ ಅವನೇ. ದೀಪಾವಳಿಗೆ ಬಂದಾಗ ಎದುರಿಗೆ ಕೂತು ಓದೋಣ ಎಂದೆ. ಅಲ್ಲಿಯವರೆಗೆ ಮೂರನೆಯ ಆಯ್ಕೆ.