ಕಣ್ಣಿನ ಹಳದಿಯಷ್ಟನ್ನೇ ಕಂಡೆವು

ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಸೋದರಮಾವನವರ ಮನೆ. ಅವರು ಮದ್ಯವನ್ನು ಮುಟ್ಟಿದವರಲ್ಲ. ಬೆಳಗಿನ ಜಾವ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ ಅಡಿಕೆ ತೋಟಕ್ಕೆ ಹೊರಡುವುದು ಅವರ ಬಹುಕಾಲದ ಪರಿಪಾಠ. 2019ರ ಮಳೆಗಾಲದಲ್ಲಿ ಅವರ ಕಣ್ಣು ಹಳದಿಯಾಯಿತು. ಮನೆಯವರು ಕಾಮಾಲೆಯೆಂದು ಬಗೆದು ನೆಲನೆಲ್ಲಿಯ ರಸ ಕೊಟ್ಟು, ಎಣ್ಣೆ ಒಗ್ಗರಣೆ ಬಿಡಿಸಿದರು. ಕೆಲವು ವಾರಗಳಲ್ಲಿ ಹಳದಿ ಇಳಿಯಿತು. ಶಿಕಾರಿಪುರದಲ್ಲಿದ್ದ ನಾವೂ ಸುದ್ದಿ ಕೇಳಿ ನಿಶ್ಚಿಂತರಾದೆವು.

ದೀಪಾವಳಿಗೆ ಹೋದಾಗ ಮಾವನವರ ಪಾದಗಳು ಊದಿದ್ದವು; ಒತ್ತಿದರೆ ಬೆರಳಿನ ಗುಳಿ ಹಾಗೆಯೇ ಉಳಿಯುತ್ತಿತ್ತು. ತೋಳು ಸೊರಗಿ, ಹೊಟ್ಟೆ ಮುಂದೆ ಬಂದಿತ್ತು. “ವಯಸ್ಸಾಯಿತಲ್ಲ” ಎಂದು ನಕ್ಕರು. ಅತ್ತೆಯವರು ಮಾತ್ರ ನಮ್ಮನ್ನು ಒಳಗೆ ಕರೆದು, “ರಾತ್ರಿಯೆಲ್ಲ ಎಚ್ಚರ ಇರ್ತಾರೆ, ಬೆಳಿಗ್ಗೆ ಪೂಜೆಗೆ ಕೂತಲ್ಲೇ ತೂಕಡಿಸ್ತಾರೆ. ಹೀಗೆ ಎಂದೂ ಇರಲಿಲ್ಲಪ್ಪಾ” ಎಂದರು. ಅಡಿಕೆಯ ಲೆಕ್ಕದ ಪುಸ್ತಕದಲ್ಲಿ ಅವರ ದುಂಡನೆಯ ಅಕ್ಷರಗಳು ಸೊಟ್ಟಗಾಗಿದ್ದವು. ಎಲ್ಲವನ್ನೂ ನೋಡಿದೆವು, ಸುಮ್ಮನಾದೆವು. ಲಿವರ್ ಕೆಡುವುದು ಕುಡುಕರಿಗೆ ಮಾತ್ರ ಎಂಬ ಭಾವನೆ ನಮ್ಮದು. ಮಾವನವರಂಥವರ ಎದುರು ಆ ಮಾತೆತ್ತುವುದೇ ಅವಮಾನವೆನಿಸಿತು.

ತಿಂಗಳ ಮೇಲೆ, ಡಾಂಬರಿನಂತಹ ಕಪ್ಪು ಮಲ ಹೋದಾಗ ಗಾಬರಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದೆವು. ಹೆಪಟೈಟಿಸ್ ಬಿ ವೈರಾಣು ವರ್ಷಗಳಿಂದ ಒಳಗಿದ್ದು ಯಕೃತ್ತನ್ನು ಗಟ್ಟಿಗೊಳಿಸಿತ್ತು.

ಅಂದು ತಿಳಿದುದನ್ನು ಓದುಗ ಬಂಧುಗಳಿಗೂ ತಿಳಿಸಬಯಸುತ್ತೇವೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಪಿತ್ತದೊಡನೆ ಕರುಳಿಗೆ ಸಾಗಿಸುತ್ತದೆ. ಆ ಕೆಲಸ ಕುಂದಿದರೆ ಕಣ್ಣು ಹಳದಿಯಾಗಿ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಬಿಳಿಚುತ್ತದೆ. ಕಲುಷಿತ ನೀರು, ಆಹಾರಗಳಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ಗುಣವಾಗುತ್ತದೆ; ಕೀರ್ತಿ ಸೊಪ್ಪಿನ ರಸಕ್ಕೆ ಸಲ್ಲುತ್ತದೆ. ಬಿ ಮತ್ತು ಸಿ ವೈರಾಣುಗಳಾದರೋ ಹಳದಿಯನ್ನೇ ತೋರದೆ ವರ್ಷಗಟ್ಟಲೆ ಒಳಗೇ ಸವೆಸಬಲ್ಲವು. ಗಟ್ಟಿಯಾದ ಯಕೃತ್ತು ರಕ್ತದ ಹರಿವನ್ನು ತಡೆದಾಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅನ್ನನಾಳದ ನಾಳಗಳು ಉಬ್ಬಿ ಒಡೆದರೆ ಮಲ ಕಪ್ಪಾಗುತ್ತದೆ. ಯಕೃತ್ತು ಶೋಧಿಸದೆ ಬಿಟ್ಟ ವಿಷವಸ್ತುಗಳು ಮಿದುಳನ್ನು ಮುಟ್ಟಿದಾಗ ಹಗಲು ನಿದ್ರೆ, ಇರುಳು ಎಚ್ಚರ, ಕೈಬರಹವೂ ಕೆಡುತ್ತದೆ.

ಮಾವನವರು ಅನಂತರ ಒಂದು ವರ್ಷವಷ್ಟೇ ಬದುಕಿದರು. ಮನೆಮಂದಿಯ ರಕ್ತಪರೀಕ್ಷೆ ಮಾಡಿಸಿದಾಗ, ಯಾವ ಗುರುತೂ ಇಲ್ಲದ ಹಿರಿಯ ಮಗನಲ್ಲಿಯೂ ಅದೇ ವೈರಾಣು ಕಂಡಿತು. ದಿನಕ್ಕೊಂದು ಮಾತ್ರೆ, ತಪ್ಪದ ತಪಾಸಣೆ. ಇಂದು ತೋಟದ ಹೊಣೆ ಅವನದೇ. ಉಳಿದವರಿಗೆ ಲಸಿಕೆ ಹಾಕಿಸಿದೆವು. ಸೋಂಕಿನ ರಕ್ತ, ಶುದ್ಧವಲ್ಲದ ಸೂಜಿ, ಲೈಂಗಿಕ ಸಂಪರ್ಕಗಳಿಂದಲೂ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಹರಡುವ ಈ ಸೋಂಕು ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ ಹರಡದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿಗಳೆರಡೂ ಉಚಿತ.

“ಅವತ್ತೇ ಹೇಳಿದ್ದೆನಲ್ಲಪ್ಪಾ” ಎಂದು ಅತ್ತೆಯವರು ಈಗಲೂ ಒಮ್ಮೊಮ್ಮೆ ಅನ್ನುತ್ತಾರೆ. ನಮ್ಮಲ್ಲಿ ಉತ್ತರವಿಲ್ಲ. ಹಿರಿಯರ ಪಾದ, ಹೊಟ್ಟೆ, ನಿದ್ರೆ, ಬರಹಗಳಲ್ಲಿ ಬದಲಾವಣೆ ಕಂಡಾಗ ಮನೆಯವರು ಸಂಕೋಚಪಡದೆ ವೈದ್ಯರಲ್ಲಿಗೆ ಕರೆದೊಯ್ಯಲಿ. ಮರ್ಯಾದೆಯ ಹೆಸರಿನಲ್ಲಿ ನಾವು ಕಳೆದ ಆ ಒಂದು ತಿಂಗಳು ಮರಳಿ ಬರಲಾರದು.