ಸೊನ್ನೆಯಿಂದ ಶುರುವಾಗುವ ಯಂತ್ರ

ಕಂಪ್ಯೂಟರ್ ಆನ್ ಮಾಡಿದ ಮೊದಲ ಕ್ಷಣದಲ್ಲಿ ಪ್ರೊಸೆಸರ್‌ಗೆ ಏನು ಗೊತ್ತಿರುತ್ತೆ ಹೇಳಿ? ಹೆಚ್ಚುಕಮ್ಮಿ ಏನೂ ಇಲ್ಲ. ಡಿಸ್ಕ್ ಇದೆಯೋ ಇಲ್ಲವೋ, ಮೆಮೊರಿ ಸರಿಯಿದೆಯೋ ಇಲ್ಲವೋ, ಒಂದೂ ಗೊತ್ತಿಲ್ಲ. ಮೊದಲ ಆದೇಶವನ್ನು ಎಲ್ಲಿಂದ ಓದಬೇಕು ಅನ್ನೋದಷ್ಟೇ ಗೊತ್ತು.

ನಾನಿದನ್ನು ಆಫೀಸಿನಲ್ಲಿ ಕಲಿತದ್ದಲ್ಲ, ದೊಡ್ಡಪ್ಪನ ಸನ್ ಸ್ಪಾರ್ಕ್‌ಸ್ಟೇಷನ್ 5 ಮುಂದೆ ಕೂತು ಕಲಿತದ್ದು. 1994ರ ಮಾದರಿ. ಕಾಲೇಜಿನವರು ಹರಾಜು ಹಾಕಿದಾಗ ಕೊಂಡು ತಂದಿದ್ದರು. ಸರ್ವೀಸಿನಲ್ಲಿದ್ದಾಗ ಊರೂರು ತಿರುಗಿ ಮಾಡಿದ ಕೆರೆಗಳ ಅಳತೆ, ಟಿಪ್ಪಣಿ ಎಲ್ಲ ಅದರ ಡಿಸ್ಕಿನಲ್ಲೇ. ಬೇರೆಲ್ಲೂ ಪ್ರತಿ ಇಲ್ಲ. ಮನೆ ಖಾಲಿ ಮಾಡಿ ಫ್ಲ್ಯಾಟಿಗೆ ಹೋಗುವ ಮುಂಚೆ, "ಗುಜರಿಗೆ ಹಾಕು ಮಾರಾಯ, ಅದು ಸತ್ತು ವರ್ಷಗಳಾಯ್ತು" ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸತ್ತಿರಲಿಲ್ಲ. ಸ್ಕ್ರೀನ್ ಮೇಲೆ ಅಕ್ಷರ ಬರ್ತಿತ್ತು. ಅಂದರೆ ಪ್ರೊಸೆಸರ್ ತನ್ನ ಮೊದಲ ಹೆಜ್ಜೆ ಇಟ್ಟಾಗಿತ್ತು.

ಸ್ಪಾರ್ಕ್ ಪ್ರೊಸೆಸರ್ ರೀಸೆಟ್ ಆದಾಗ ಸೊನ್ನೆ ವಿಳಾಸದಿಂದ ಓದೋಕೆ ಶುರು ಮಾಡುತ್ತೆ, ಆಮೇಲೆ 4. ಆದರೆ ಆಗಷ್ಟೇ ಕರೆಂಟು ಬಂದ ಮೆಮೊರಿಯಲ್ಲಿ ಇರೋದು ಬರೀ ಕಸ! ಅದಕ್ಕೇ ಹಾರ್ಡ್‌ವೇರ್ ಒಂದು ಜಾಣತನ ಮಾಡುತ್ತೆ. ಬೂಟ್ ಸ್ಥಿತಿಯಲ್ಲಿರುವಷ್ಟು ಹೊತ್ತು ಆದೇಶ ಕೇಳಿದಾಗಲೆಲ್ಲ ಮೆಮೊರಿಯ ಬದಲು ಪ್ರಾಮ್ ಚಿಪ್ ಕಡೆ ತಿರುಗಿಸುತ್ತೆ. 1985ರ ಸನ್-3ರಲ್ಲೂ ಇದೇ ಉಪಾಯ. ಅದರ ಮೋಟೊರೋಲಾ 68020 ಮಾತ್ರ ಸೊನ್ನೆಯಿಂದ ಸ್ಟ್ಯಾಕ್ ವಿಳಾಸವನ್ನೂ 4ರಿಂದ ಮೊದಲ ಆದೇಶದ ವಿಳಾಸವನ್ನೂ ಓದಿಕೊಳ್ಳುತ್ತೆ.

ಪ್ರಾಮ್‌ನಲ್ಲಿರೋದು ಓಪನ್‌ಬೂಟ್. ಮೆಮೊರಿ ತಟ್ಟಿ ನೋಡಿ, ಆಮೇಲೆ ಒಂದೊಂದೇ ಕಾರ್ಡನ್ನು ವಿಚಾರಿಸುತ್ತೆ. ಪ್ರತಿ ಕಾರ್ಡಿನಲ್ಲೂ ಫೋರ್ತ್ ಭಾಷೆಯ ಪುಟ್ಟ ಪ್ರೋಗ್ರಾಂ ಇರುತ್ತೆ. ಮದುವೆ ಮನೆಯಲ್ಲಿ "ನಾನು ಇಂಥವರ ಮಗ" ಅಂತ ತಾವೇ ಪರಿಚಯ ಹೇಳಿಕೊಳ್ತಾರಲ್ಲ, ಹಾಗೆ. ನನಗೆ ಇಡೀ ಯಂತ್ರದಲ್ಲಿ ತುಂಬಾ ಹಿಡಿಸಿದ್ದು ಇದೇ.

ಹಾಗಾದರೆ ಕೆಟ್ಟಿದ್ದೇನು? ಗಡಿಯಾರದ ಚಿಪ್. ಅದರ ಬ್ಯಾಟರಿ ಪ್ಲಾಸ್ಟಿಕ್ಕಿನೊಳಗೇ ಮುಚ್ಚಿಹೋಗಿರುತ್ತೆ. ಅದು ಖಾಲಿಯಾದರೆ ಯಂತ್ರ ತನ್ನ ಗುರುತನ್ನೇ ಮರೆತು, ಪರೀಕ್ಷೆಯ ಸ್ಥಿತಿಗೆ ಹೋಗಿ, ಡಿಸ್ಕ್ ಬಿಟ್ಟು ನೆಟ್‌ವರ್ಕಿನಲ್ಲಿ ಬೂಟ್ ಹುಡುಕುತ್ತಾ ಕೂರುತ್ತೆ. ದೊಡ್ಡಪ್ಪ ಇಷ್ಟು ವರ್ಷ ನೋಡಿದ್ದು ಆ ಕಾಯುವಿಕೆಯನ್ನು.

ಸ್ಟಾಪ್ ಮತ್ತು ಎ ಕೀ ಒಟ್ಟಿಗೆ ಒತ್ತಿದೆ. "ಓಕೆ" ಅಂತ ಬಂತು. ಎರಡು, ಮೂರು, ಕೂಡಿಸು, ಚುಕ್ಕಿ ಟೈಪಿಸಿದರೆ 5 ಅಂತು. "ಅಯ್ಯೋ, ಲೆಕ್ಕ ಮಾಡ್ತಿದೆಯಲ್ಲೋ!" ಅಂತ ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಬಂದರು. ಗುರುತಿನ ಸಂಖ್ಯೆಗಳನ್ನು ಕೈಯಾರೆ ತುಂಬಿ, ಪರೀಕ್ಷೆಯ ಸ್ಥಿತಿ ತೆಗೆದು, "ಬೂಟ್ ಡಿಸ್ಕ್" ಅಂತ ಕೊಟ್ಟೆ. ಕರೆಂಟು ಹೋದರೆ ಎಲ್ಲ ಮೊದಲಿಂದ!

ಹೋಗಲಿಲ್ಲ. ಪಾಸ್‌ವರ್ಡ್ ಕೇಳಿದಾಗ ದೊಡ್ಡಪ್ಪ ನನ್ನನ್ನು ಸರಿಸಿ ಎರಡೇ ಬೆರಳಲ್ಲಿ ತಾವೇ ಹೊಡೆದರು. ಕೆರೆಗಳೆಲ್ಲ ನನ್ನ ಲ್ಯಾಪ್‌ಟಾಪಿಗೆ ಇಳಿಯುವಾಗ ರಾತ್ರಿ ಹನ್ನೊಂದು. ದೊಡ್ಡಮ್ಮ ಊಟಕ್ಕೆ ಎರಡು ಸಲ ಕರೆದು ಸುಮ್ಮನಾಗಿದ್ದರು. ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿದೆ. ಹೊಸ ಚಿಪ್ ಹುಡುಕ್ತಾ ಇದ್ದೀನಿ.