ಉಬ್ಬಿದ ಅಕ್ಷರಗಳು: ಬೋಗಾದಿ ಟಿಪ್ಪಣಿಗಳು

ಮೈಸೂರಿನ ಬೋಗಾದಿ ರಸ್ತೆಯ ಪ್ಲೇ ಸ್ಕೂಲ್ ಬೋರ್ಡುಗಳು. ಇಂಗ್ಲಿಷ್ ಹೆಸರು ಗಾಳಿ ತುಂಬಿದಂತೆ ಉಬ್ಬಿದ ಗುಂಡು ಗುಂಡು ಅಕ್ಷರಗಳಲ್ಲಿದೆ. ಒಂದೊಂದಕ್ಕೂ ಒಂದೊಂದು ಬಣ್ಣ. ಕನ್ನಡದ ಸಾಲು ಮಾತ್ರ ಸರ್ಕಾರಿ ಸುತ್ತೋಲೆಗಳ ಅದೇ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳಿದ ಮೇಲೆ ಕನ್ನಡಕ್ಕೆ ಜಾಗ ಸಿಕ್ಕಿದೆ. ಮಗುವಿನ ಜೊತೆ ಆಡುವ ಕೆಲಸ ಮಾತ್ರ ಇನ್ನೂ ಇಂಗ್ಲಿಷ್ ಅಕ್ಷರದ್ದೇ. ಯಾಕೆ?

ಕನ್ನಡದಲ್ಲಿ ಅಂಥ ಫಾಂಟ್ ಇಲ್ಲ ಎನ್ನುವಂತಿಲ್ಲ. ಮುಂಬೈನ ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ಇದೆ. ಹಲವು ಭಾರತೀಯ ಲಿಪಿಗಳಿಗೆ ಮಾಡಿದ ‘ಬಲೂ’ ಕುಟುಂಬದ ಕನ್ನಡ ಕುಡಿ ಅದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಅಂಗಡಿ ಬೋರ್ಡಿಗೂ ಯಾರ ಅಪ್ಪಣೆ ಬೇಡ. ಮೊದಲು ಒಂದೇ ದಪ್ಪದಲ್ಲಿ ಬಂತು, ‘ಬಲೂ ತಮ್ಮ 2’ರಲ್ಲಿ ಐದು ದಪ್ಪಗಳಾದವು.

ಇನ್ನೊಂದು ಸೋಜಿಗ. ಇಂಗ್ಲಿಷಿನ ‘ಎ’, ‘ಇ’ಗಳಲ್ಲಿ ಮೂಲೆಗಳಿವೆ, ಅವನ್ನು ಗುಂಡಾಗಿಸಿದರೆ ತುಂಟತನ ಬರುತ್ತದೆ. ನಮ್ಮ ಅಕ್ಷರ ಹುಟ್ಟಾ ಗುಂಡು. ಮತ್ತೆ ಗುಂಡಾಗಿಸುವುದು ಏನನ್ನು? ಅಕ್ಷರಗಳನ್ನು ಹಿಗ್ಗಿಸಿ ನೋಡಿದಾಗ ಹೊಳೆದದ್ದು: ಆಟ ಇರುವುದು ಗೆರೆಯ ದಪ್ಪದಲ್ಲಿ, ಮೊಂಡಾದ ತುದಿಗಳಲ್ಲಿ, ಗಿಡ್ಡ ತಲೆಕಟ್ಟಿನಲ್ಲಿ, ಹೊಟ್ಟೆಯೊಳಗೆ ಉಳಿದ ಪುಟ್ಟ ಬಿಳಿ ಜಾಗದಲ್ಲಿ.

ಆ ಬಿಳಿ ಜಾಗದ್ದೇ ಕಷ್ಟ. ‘ಬೋಗಾದಿ’ಗೆ ಒತ್ತಕ್ಷರವಿಲ್ಲ, ಎಷ್ಟು ಉಬ್ಬಿಸಿದರೂ ಚೆಂದ. ‘ಕುಕ್ಕರಹಳ್ಳಿ’ ಬರೆದರೆ ಕೆಳಗೆ ಎರಡು ಒತ್ತು ಜೋತು ಬೀಳುತ್ತವೆ, ಸಾಲುಗಳ ನಡುವೆ ಅಂತರ ಹೆಚ್ಚಿಸಲೇಬೇಕು. ‘ಪ’ ಮತ್ತು ‘ಷ’ ಬೇರೆಯಾಗುವುದು ಹೊಟ್ಟೆ ಸೀಳುವ ಒಂದು ಗೆರೆಯಿಂದ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’ ಬೇರೆಯಾಗುವುದು ಬುಡದ ಸಣ್ಣ ಸೀಳಿನಿಂದ. ಗೆರೆ ದಪ್ಪವಾದಷ್ಟೂ ಆ ಸೀಳು ಮುಚ್ಚಿಕೊಳ್ಳುತ್ತದೆ. ‘ವಿವಿಧ ಆಟಗಳು’ ಎಂಬ ಫ್ಲೆಕ್ಸ್ ರಸ್ತೆಯ ಆಚೆಯಿಂದ ‘ವಿವಿದ’ ಆಗಿಬಿಡಬಹುದು. ದಪ್ಪ ಅಕ್ಷರದಲ್ಲಿ ಈ ಸೀಳು ಉಳಿಸಿಕೊಳ್ಳುವುದೇ ವಿನ್ಯಾಸಕಾರರ ನಿಜವಾದ ಕೈಚಳಕ.

ಬೋರ್ಡುಗಳಲ್ಲಿ ಇಂಥ ಕನ್ನಡ ಯಾಕಿಲ್ಲ ಎಂಬುದಕ್ಕೆ ಡಿಟಿಪಿ ಅಂಗಡಿಯಲ್ಲಿ ಒಂದು ಕಾರಣ ಸಿಕ್ಕಿತು. ಅಲ್ಲಿ ಈಗಲೂ ಟೈಪ್ ಮಾಡುವುದು ಹಳೆಯ ನುಡಿಯಲ್ಲಿ. ಅದರಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂತಿವೆ. ಯೂನಿಕೋಡ್ ಫಾಂಟಾದ ಬಲೂ ತಮ್ಮಕ್ಕೆ ಬದಲಿಸಿದ ಕೂಡಲೇ ‘ಕನ್ನಡ’ ಎಂಬ ಪದ ಇಂಗ್ಲಿಷಿನ ದೊಡ್ಡ ‘ಪಿ’, ಪೌಂಡ್ ಚಿಹ್ನೆ, ಚಿಕ್ಕ ‘ಕ್ಯೂ’ಗಳ ಗುಂಡು ಗುಂಡಾದ ಕಲಸುಮೇಲೋಗರವಾಗುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಯೂನಿಕೋಡ್ ಕನ್ನಡದ ಒತ್ತುಗಳನ್ನು ಹಳೆಯ ಡಿಸೈನ್ ಸಾಫ್ಟ್‌ವೇರ್ ಸರಿಯಾಗಿ ಕೂಡಿಸುವುದಿಲ್ಲ. ಸಂಜೆಯೊಳಗೆ ಫ್ಲೆಕ್ಸ್ ಕೊಡಬೇಕಾದವರು ಗೊತ್ತಿರುವ ಫಾಂಟಿಗೇ ಮರಳುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಈ ಉಬ್ಬಿದ ಅಕ್ಷರ ಎಲ್ಲೆಲ್ಲಿ ಒಪ್ಪುತ್ತದೆ? ಐಸ್‌ಕ್ರೀಮ್ ಗಾಡಿ, ಬೇಕರಿ, ಹುಟ್ಟುಹಬ್ಬದ ಬ್ಯಾನರ್, ಮಕ್ಕಳ ಪುಸ್ತಕದ ಮುಖಪುಟ. ಶ್ರದ್ಧಾಂಜಲಿಗೆ ಖಂಡಿತ ಬೇಡ.

ಅಕ್ಷರ ಕಲಿಸುವ ಗೋಡೆಪಟಕ್ಕೆ? ಇಲ್ಲಿ ತೀರ್ಮಾನ ಕಷ್ಟ. ಮಗುವಿನ ಕೈ ಸೆಳೆಯುವುದು ಉಬ್ಬಿದ ‘ಧ’; ಆದರೆ ಬುಡದ ಸೀಳು ಸ್ಪಷ್ಟವಾಗಿ ಕಾಣುವುದು ತೆಳು ‘ಧ’ದಲ್ಲಿ. ಬಲೂ ತಮ್ಮ 2ರ ಐದು ದಪ್ಪಗಳಲ್ಲಿ ತೀರ ತೆಳುವಾದದ್ದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಯಾವುದಾದರೂ ಅಂಗನವಾಡಿ ಟೀಚರ್‌ಗೆ ತೋರಿಸಿ ಕೇಳಬೇಕು.